ಎಲ್ಲಿಂದ ಹೊಕ್ಕರೂ ಓದಿಸಿಕೊಳ್ಳುವ ಹೆಂಗಸರ ಚರಿತ್ರೆ: ಚೀಟಿಯಿಂದ ಪರದೆಗೆ ತರುವ ಬಗೆ

ಚಾಮರಾಜಪೇಟೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಮೂರಕ್ಕೂ ಇಪ್ಪತ್ತೆರಡು ವರ್ಷದಿಂದ ಕಾರ್ಡು ಮಾಡಿಕೊಡುತ್ತಿದ್ದೇನೆ. ಗಿರಾಕಿಗಳು ಮನೆಯ ಹಳೇ ಪತ್ರಿಕೆ ತಂದು ‘ಇದೇ ಥರ ಹಾಕ್ಕೊಡಿ’ ಅನ್ನುತ್ತಾರೆ. ಒಮ್ಮೆ ಒಂದೇ ಮನೆಯವರು ತಂದ ಮೂರು ಕಾರ್ಡುಗಳು ಟೇಬಲ್ಲಿನ ಮೇಲೆ ಒಟ್ಟಿಗೆ ಬಿದ್ದವು. ಮೊದಲನೆಯದರಲ್ಲಿ ‘ಚಿ|| ಕುಂ|| ಸೌ||’ ಆದಮೇಲೆ ಹುಡುಗಿಯ ಹೆಸರು. ಎರಡನೆಯದು ಅವಳ ಮಗಳ ಮದುವೆಯದು. ಅಲ್ಲಿ ‘ಶ್ರೀಮತಿ ಮತ್ತು ಶ್ರೀ’ ಆದಮೇಲೆ ಗಂಡನ ಹೆಸರು ಮಾತ್ರ. ಮೂರನೆಯದು ಅವರದೇ ಸಮಾರಾಧನೆಯ ಕಾರ್ಡು. ಅದರಲ್ಲಿ ಬೇರೆಯದೇ ಹೆಸರು, ಮದುವೆಯ ದಿನ ಅಕ್ಕಿಯ ಮೇಲೆ ಬರೆದು ಇಟ್ಟದ್ದು. ಮೂರೂ ಒಬ್ಬರೇ ಎಂದು ಮನೆಯವರು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ನಮ್ಮ ರಸ್ತೆಯ ಹೆಂಗಸರ ಬಗ್ಗೆ ಹುಡುಕಲು ಕೂತದ್ದು ಆ ಸಂಜೆಯಿಂದ. ನಾಲ್ಕು ವರ್ಷವಾಯಿತು. ಹುಡುಕಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ, ಒಂದರಿಂದ ಇನ್ನೊಂದಕ್ಕೆ ಒತ್ತಿ ಹೋಗಬಹುದಾದ ಚಿಕ್ಕ ಪುಟಗಳಾಗಿ ಹೇಗೆ ಕಟ್ಟುವುದು ಎಂಬುದನ್ನು ಎರಡು ಸಲ ಕೆಡಿಸಿ ಮೂರನೆಯ ಸಲ ಕಲಿತೆ. ನಿಮ್ಮ ಮನೆಯ, ಬೀದಿಯ, ಕಾರ್ಖಾನೆಯ ಹೆಂಗಸರ ಬಗ್ಗೆ ಇಂಥದ್ದೇ ಕೆಲಸ ಮಾಡಬೇಕೆಂದಿರುವವರಿಗಾಗಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಕೋಡಿಂಗ್ ಬರಬೇಕಿಲ್ಲ. ತಾಳ್ಮೆಯಿಂದ ಕೇಳುವುದು ಬರಬೇಕು.

ಸಾಲು ಕೈಕೊಟ್ಟದ್ದು

ಮೊದಲು ನಾನು ಮಾಡಿದ್ದು ಇಸವಿಗಳ ಪಟ್ಟಿ. 1892, ಚಾಮರಾಜಪೇಟೆ ಬಡಾವಣೆ. 1921, ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಮಾಸಪತ್ರಿಕೆ ಶುರುಮಾಡಿದ್ದು. 1938, ಅವರೇ ಮಕ್ಕಳ ಕೂಟ ಕಟ್ಟಿದ್ದು. 1961, ಜಾಲಹಳ್ಳಿಯಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ. ಅದರ ಕೆಳಗೆ ನಮ್ಮ ದೊಡ್ಡಮ್ಮ: ‘1966ರ ಸುಮಾರು, ಕೈಗಡಿಯಾರ ಜೋಡಣೆ ವಿಭಾಗಕ್ಕೆ ಸೇರಿದರು’. ನೋಡಲು ಚೊಕ್ಕಟವಾಗಿತ್ತು. ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿ, ‘ಇದೇನೇ, ನನ್ನ ಮೂವತ್ತು ವರ್ಷನ ಒಂದು ಗೆರೆ ಮಾಡ್ಬಿಟ್ಟಿದೀಯ?’ ಅಂದರು. ಆಮೇಲೆ, ‘ಇಸವಿ ನಂಗೆಲ್ಲಿ ನೆನಪಿರತ್ತೆ? ನಿಮ್ಮಮ್ಮ ದೊಡ್ಡೋಳಾದ್ಲಲ್ಲ, ಆ ಮಳೆಗಾಲ’ ಅಂದರು.

ಪಟ್ಟಿಗೆ ಇಸವಿ ಬೇಕಿತ್ತು, ನಾನು ಕೊಟ್ಟಿದ್ದೆ. ಒಂದು ವರ್ಷದ ಮೇಲೆ ಅವರ ಹಳೇ ಟ್ರಂಕಿನಲ್ಲಿ ಸಿಕ್ಕ ಗುರುತಿನ ಚೀಟಿಯಲ್ಲಿ 1968 ಎಂದಿತ್ತು. ಅಷ್ಟರಲ್ಲಿ ನಮ್ಮ ಮಾವನ ಮಗ ನನ್ನ ಪಟ್ಟಿ ನೋಡಿಕೊಂಡು ಕುಟುಂಬದ ಸಂಚಿಕೆಯೊಂದನ್ನು ಅಚ್ಚು ಹಾಕಿಸಿದ್ದ. ಅದರಲ್ಲಿ ‘ಸುಮಾರು’ ಉದುರಿ 1966 ಮಾತ್ರ ಉಳಿದಿತ್ತು. ಇಲ್ಲದ ಒಂದು ಸತ್ಯವನ್ನು ನಾನೇ ಹುಟ್ಟುಹಾಕಿದಂತಾಯಿತು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹೆಂಗಸರ ಬಗ್ಗೆ ಸಿಗುವುದೆಲ್ಲ ಚೂರುಚೂರು. ಯಾರದೋ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು, ಯಾರದೋ ಫೋಟೋದ ಅಂಚಿನಲ್ಲಿ ಅರ್ಧ ಮುಖ. ಸಾಲಾಗಿ ಜೋಡಿಸಹೊರಟರೆ ನಡುವಿನ ಖಾಲಿ ಜಾಗ ತುಂಬಬೇಕೆಂಬ ಒತ್ತಾಯ ಹುಟ್ಟುತ್ತದೆ, ನಾವು ತುಂಬಿಬಿಡುತ್ತೇವೆ. ಚೂರುಗಳನ್ನು ಚೂರುಗಳಾಗಿಯೇ ಇಟ್ಟು, ಒಂದರಿಂದ ಇನ್ನೊಂದಕ್ಕೆ ಹೇಗೆ ಬಂದೆವೆಂದು ಓದುವವರಿಗೆ ತೋರಿಸುವ ವಿನ್ಯಾಸ ಬೇಕು. ಇನ್ನು ಮುಂದೆ ಹೇಳುವುದೆಲ್ಲ ಆ ಒಂದು ಮಾತಿನ ವಿವರ.

ಪ್ರಶ್ನೆ ಚಿಕ್ಕದಿರಲಿ, ಚೀಟಿಯೂ ಚಿಕ್ಕದಿರಲಿ

‘ಬೆಂಗಳೂರಿನ ಮಹಿಳೆಯರು’ ಎಂದು ಹೊರಡಬೇಡಿ, ಮುಳುಗಿಹೋಗುತ್ತೀರಿ. ನನ್ನ ಪ್ರಶ್ನೆ ಇಷ್ಟೇ: ನಮ್ಮ ರಸ್ತೆಯ ಹೆಂಗಸರು ಏನು ಓದಿದರು, ಎಲ್ಲಿ ದುಡಿದರು, ಅದು ಯಾವ ಕಾಗದದಲ್ಲಿ ಉಳಿದಿದೆ? ಮೂರನೆಯ ತುಂಡನ್ನು ಬಿಡಬೇಡಿ. ಹುಡುಕಾಟವನ್ನೇ ವಿಷಯದ ಭಾಗ ಮಾಡುವುದು ಅದು.

ಆರು ತಿಂಗಳು ಕಂಪ್ಯೂಟರ್ ಮುಟ್ಟಬೇಡಿ. ನಮ್ಮ ಅಂಗಡಿಯಲ್ಲಿ ಪತ್ರಿಕೆ ಕತ್ತರಿಸಿದ ಮೇಲೆ ಉಳಿಯುವ ದಪ್ಪ ಕಾರ್ಡಿನ ತುಂಡುಗಳಿವೆ, ಅಂಗೈ ಅಗಲದವು. ನಿಮಗೆ ಅವೆನ್ಯೂ ರಸ್ತೆಯಲ್ಲಿ ಯಾವ ಕಾಗದದಂಗಡಿಯಲ್ಲಾದರೂ ಸಿಗುತ್ತವೆ. ಒಂದು ಚೀಟಿಯಲ್ಲಿ ಒಂದೇ ವಿಷಯ. ಮೇಲ್ಗಡೆ ನಂಬರು, ನಡುವೆ ವಿಷಯ, ಕೆಳಗೆ ಅದು ನಿಮಗೆ ಹೇಗೆ ಸಿಕ್ಕಿತು ಎಂಬುದು: ಯಾರು ಹೇಳಿದರು, ಯಾವ ದಿನ, ಯಾವ ಕಪಾಟು, ಯಾವ ಪುಟ. ಕೆಳಗಿನ ಸಾಲು ಬರೆಯಲು ಆಗದಿದ್ದರೆ ಆ ಚೀಟಿಯನ್ನು ಇಟ್ಟುಕೊಳ್ಳಬೇಡಿ.

ಪ್ರತಿ ಚೀಟಿಯ ಅಂಚಿಗೆ ಸ್ಕೆಚ್ ಪೆನ್ನಿನಿಂದ ಒಂದು ಬಣ್ಣ. ನನ್ನಲ್ಲಿ ನಾಲ್ಕು ಬಗೆ ಇವೆ. ಕಣ್ಣಾರೆ ಕಂಡ ಕಾಗದ, ವಸ್ತು, ಕಟ್ಟಡಕ್ಕೆ ಹಸಿರು. ಬಾಯಿಂದ ಕೇಳಿದ್ದಕ್ಕೆ ಹಳದಿ. ನನ್ನ ಊಹೆಗೆ ಕೆಂಪು. ಇನ್ನು, ಕೇಳಿಯೂ ಹುಡುಕಿಯೂ ಸಿಗದೇ ಹೋದದ್ದಕ್ಕೆ ಬಣ್ಣವಿಲ್ಲದ ಬಿಳಿ ಚೀಟಿ.

ಬಿಳಿ ಚೀಟಿಯ ಬಗ್ಗೆ ಸ್ವಲ್ಪ ಹೇಳಬೇಕು, ಇಡೀ ಯೋಜನೆಯಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ. ನಮ್ಮ ರಸ್ತೆಯ ಒಂದು ಮನೆಯಲ್ಲಿ 1950ರ ದಶಕದ ಮನೆಗೆಲಸದ ಲೆಕ್ಕದ ಪುಸ್ತಕ ಇದೆ. ಪ್ರತಿ ತಿಂಗಳೂ ‘ಪಾತ್ರೆಯವಳಿಗೆ’ ಎಂದು ಬರೆದು ಹಣ ನಮೂದಿಸಿದ್ದಾರೆ. ಅಷ್ಟೂ ವರ್ಷದ ಲೆಕ್ಕದಲ್ಲಿ ಎಲ್ಲೂ ಆಕೆಯ ಹೆಸರಿಲ್ಲ. ಆ ಮನೆಯ ಹಿರಿಯರನ್ನು ಕೇಳಿದೆ, ಪಕ್ಕದ ಮನೆಯಲ್ಲಿ ಕೇಳಿದೆ. ಯಾರಿಗೂ ಗೊತ್ತಿಲ್ಲ. ಹಾಗಾಗಿ ಒಂದು ಬಿಳಿ ಚೀಟಿ: ‘ಈಕೆಯ ಹೆಸರು’. ಕೆಳಗೆ ನಾನು ಎಲ್ಲೆಲ್ಲಿ ಕೇಳಿದೆ ಎಂಬ ವಿವರ. ಪರದೆಯ ಮೇಲೂ ಅದು ಹಾಗೇ ಇದೆ, ಒಂದು ಪೂರ್ತಿ ಪುಟ, ನಡುವೆ ಖಾಲಿ. ಓದುವವರು ಬೇರೆಲ್ಲೂ ನಿಲ್ಲದಷ್ಟು ಹೊತ್ತು ಅಲ್ಲಿ ನಿಲ್ಲುತ್ತಾರೆ.

ಹಳದಿಗೂ ಹಸಿರಿಗೂ ನಡುವಿನ ಗೆರೆ ಕೆಲವು ಕಡೆ ಕಷ್ಟ. ಕೋರಮಂಗಲದಲ್ಲಿ ಲಕ್ಷ್ಮಮ್ಮನ ಸಮಾಧಿ ಇದೆ. ಕೆಂಪೇಗೌಡರ ಸೊಸೆ, ಕೋಟೆಯ ಬಾಗಿಲು ಕಟ್ಟಿದಷ್ಟೂ ಬೀಳುತ್ತಿದ್ದಾಗ ಗರ್ಭಿಣಿಯಾಗಿದ್ದ ಆಕೆ ರಾತ್ರಿ ಒಬ್ಬಳೇ ಹೋಗಿ ಪ್ರಾಣ ಕೊಟ್ಟಳು ಎಂಬ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಸಮಾಧಿ ನಾನು ಕಂಡದ್ದು, ಹಸಿರು. ಕಥೆ ಕೇಳಿದ್ದು, ಹಳದಿ. ಎರಡನ್ನೂ ಒಂದೇ ಚೀಟಿಗೆ ಹಾಕಿದರೆ ಕಲ್ಲು ಕಥೆಗೆ ಸಾಕ್ಷಿಯಾಗಿಬಿಡುತ್ತದೆ. ಎರಡು ಚೀಟಿ ಮಾಡಿ, ನಡುವೆ ಕೊಂಡಿ (ಲಿಂಕ್) ಹಾಕಿ. ಒಂದು ಊರು ಇಂಥ ಕಥೆಯನ್ನು ಇಷ್ಟು ಕಾಲ ಏಕೆ ಹೇಳಿಕೊಂಡು ಬಂತು ಎಂಬ ಪ್ರಶ್ನೆಗೆ ಮೂರನೆಯ ಚೀಟಿ ಹುಟ್ಟುತ್ತದೆ, ಅದು ಕೆಂಪು.

ಹೆಸರಿಗೆ ಒಂದು ಕಪಾಟು

ಒಬ್ಬ ಹೆಂಗಸಿಗೆ ಒಂದು ಹೆಸರಿನ ಚೀಟಿ ಮಾಡಿ, ಅದರಲ್ಲಿ ಆಕೆ ಎಲ್ಲೆಲ್ಲಿ ಯಾವ್ಯಾವ ಹೆಸರಿನಲ್ಲಿ ಸಿಗುತ್ತಾರೆ ಎಂದು ಬರೆಯುತ್ತಾ ಹೋಗಿ. ತವರಿನ ಹೆಸರು, ಮದುವೆಯಲ್ಲಿ ಇಟ್ಟ ಹೆಸರು, ಕರೆಯುವ ಹೆಸರು, ರೇಷನ್ ಕಾರ್ಡಿನ ಹೆಸರು, ‘ಇಂಥವರ ಕೋಂ’ (ಹೆಂಡತಿ) ಎಂದು ಹಳೇ ಪತ್ರಗಳಲ್ಲಿ ಬರುವುದು, ಕೆಲಸದ ಕಡೆ ಇಂಗ್ಲಿಷಿನಲ್ಲಿ ಬರೆದ ಹೆಸರು. ದೊಡ್ಡಮ್ಮನಿಗೆ ಕಾರ್ಖಾನೆಯಲ್ಲಿ ಟೋಕನ್ ನಂಬರೇ ಹೆಸರಾಗಿತ್ತು. ಇವತ್ತಿಗೂ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾರೆ.

ಗ್ರಂಥಾಲಯದಲ್ಲಿ ಹುಡುಕುವಾಗ ಇದು ಕೈಹಿಡಿಯುತ್ತದೆ. ನಂಜನಗೂಡು ತಿರುಮಲಾಂಬ ಅವರನ್ನೇ ನೋಡಿ. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ, 1916ರಲ್ಲಿ ‘ಕರ್ನಾಟಕ ನಂದಿನಿ’ ಪತ್ರಿಕೆ. ಕನ್ನಡದಲ್ಲಿ ಪತ್ರಿಕೆ ನಡೆಸಿದ, ಪುಸ್ತಕ ಪ್ರಕಟಿಸಿದ ಹೆಂಗಸರಲ್ಲಿ ಮೊದಲಿಗರು. ಅವರನ್ನು ‘ತಿರುಮಲಾಂಬಾ’, ‘ತಿರುಮಲಮ್ಮ’ ಎಂದೆಲ್ಲ ಹುಡುಕಬೇಕು; ‘ನಂ. ತಿರುಮಲಾಂಬ’ ಎಂದೂ ಇರಬಹುದು, ‘ನ’ ಅಕ್ಷರದ ಕೆಳಗೂ ಇರಬಹುದು. ಇಂಗ್ಲಿಷ್ ಪಟ್ಟಿಯಲ್ಲಾದರೆ ‘ತ’ಕ್ಕೆ T ಎಂಬ ಒಂದಕ್ಷರವೋ Th ಎಂಬ ಎರಡಕ್ಷರವೋ ಎಂಬುದನ್ನೂ ಎರಡೂ ಬಗೆಯಲ್ಲಿ ನೋಡಬೇಕು. ಹಳೇ ಸಂಚಿಕೆಗಳಲ್ಲಿ ಅಂಕಿಗಳು ಕನ್ನಡದಲ್ಲಿರಬಹುದು. 1921 ಎಂದು ಹುಡುಕಿದರೆ ೧೯೨೧ ಸಿಗುವುದಿಲ್ಲ.

ಹಾಗೇ ಕಾಲಕ್ಕೂ ಎರಡು ಲೆಕ್ಕ ಇಡಿ. ಮನೆಯ ಹಳೇ ಕಾರ್ಡು, ಜಾತಕಗಳಲ್ಲಿ ಇಸವಿ ಇಲ್ಲದೆ ಬರೀ ಸಂವತ್ಸರ ಇರುವುದುಂಟು. ನನಗೆ ಒಂದು ‘ದುರ್ಮತಿ ಸಂವತ್ಸರ’ದ ಲಗ್ನಪತ್ರಿಕೆ ಸಿಕ್ಕಿತು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ದುರ್ಮತಿ 1921ರ ಯುಗಾದಿಗೂ ಬಂತು, 1981ರ ಯುಗಾದಿಗೂ ಬಂತು. ಕಾಗದ ಮುಟ್ಟಿನೋಡಿ, ಅಕ್ಷರದ ಮೊಳೆ ನೋಡಿ, ಇದು ಅಚ್ಚುಮೊಳೆಯ ಕೆಲಸ, ಹಳೆಯದು ಎಂದು ನನಗನ್ನಿಸಿತು. ಆದರೂ 1981ರಲ್ಲಿ ನಮ್ಮೂರಿನಲ್ಲಿ ಮೊಳೆ ಜೋಡಿಸುವ ಪ್ರೆಸ್ಸುಗಳು ಇನ್ನೂ ಇದ್ದವು. ಆದ್ದರಿಂದ ಆ ಚೀಟಿ ಎರಡೂ ಇಸವಿಗೆ ತೆರೆದುಕೊಳ್ಳುತ್ತದೆ. ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ, ಕೊಂಡಿಯಲ್ಲಿ ಇದೆ. ದೊಡ್ಡಮ್ಮನ ‘ನಿಮ್ಮಮ್ಮ ದೊಡ್ಡೋಳಾದ ಮಳೆಗಾಲ’ವನ್ನೂ ಹಾಗೇ ಇಟ್ಟು, ಪಕ್ಕದಲ್ಲಿ ಗುರುತಿನ ಚೀಟಿಯ 1968 ಇಟ್ಟೆ. ಎರಡೂ ಇರಲಿ.

ಎಲ್ಲಿ ಹುಡುಕುವುದು

ಮನೆಯ ಟ್ರಂಕು, ಅಟ್ಟ, ದೇವರ ಕಪಾಟಿನ ಹಿಂಭಾಗ, ಇವು ಮೊದಲು. ಆಮೇಲೆ ಹೊರಗೆ. ಪಂಪ ಮಹಾಕವಿ ರಸ್ತೆಯ ಕನ್ನಡ ಸಾಹಿತ್ಯ ಪರಿಷತ್ತು ನಮಗೆ ನಡೆದೇ ಹೋಗುವಷ್ಟು ಹತ್ತಿರ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, ಸರ್ಕಾರಿ ಕಡತಗಳಿಗೆ ರಾಜ್ಯ ಪತ್ರಾಗಾರ. ಹೋಗುವ ಮೊದಲು ವೇಳೆ, ಅನುಮತಿ ಪತ್ರ ವಿಚಾರಿಸಿಕೊಳ್ಳಿ. ಪೆನ್ಸಿಲ್ ಒಯ್ಯಿರಿ.

ಹಳೇ ಪತ್ರಿಕೆ ಸಿಕ್ಕರೆ ಲೇಖನದಷ್ಟೇ ಗಮನವಿಟ್ಟು ಜಾಹೀರಾತು, ಚಂದಾ ದರ, ಓದುಗರ ಕಾಗದ ಓದಿ. ಎಂಥ ಹೆಂಗಸು ಓದುತ್ತಿದ್ದಳು ಎಂದು ಸಂಪಾದಕೀಯಕ್ಕಿಂತ ಸೋಪಿನ ಜಾಹೀರಾತು ಚೆನ್ನಾಗಿ ಹೇಳುತ್ತದೆ. ನನ್ನ ಕಸುಬಿನವರು ಮೊದಲು ನೋಡುವುದು ‘ಮುದ್ರಕರು, ಪ್ರಕಾಶಕರು’ ಎಂಬ ಸಾಲನ್ನು. ಬ್ರಿಟಿಷ್ ಇಂಡಿಯಾದಲ್ಲಿ 1867ರ ಕಾಯಿದೆ ಪ್ರತಿ ಪುಸ್ತಕದಲ್ಲೂ ಮುದ್ರಕರ ಹೆಸರು, ಸ್ಥಳ ಹಾಕಬೇಕೆಂದು ಕಡ್ಡಾಯ ಮಾಡಿತು. ಮೈಸೂರು ಸಂಸ್ಥಾನದ ಪುಸ್ತಕಗಳಲ್ಲೂ ಸಾಮಾನ್ಯವಾಗಿ ಆ ಸಾಲು ಸಿಗುತ್ತದೆ. ಪುಸ್ತಕದ ಒಳಗೆಲ್ಲೂ ಕಾಣದ ಹೆಂಗಸು ಪ್ರಕಾಶಕಿಯಾಗಿ ಅಲ್ಲಿ ಇರಬಹುದು.

ಕೊಂಡಿಗೆ ಕಾರಣ ಬರೆಯಿರಿ

ಚೀಟಿಗಳು ನೂರರ ಹತ್ತಿರ ಬಂದಮೇಲೆ ನೆಲದ ಮೇಲೆ ಹರಡಿ, ದಾರ ಇಟ್ಟು ಜೋಡಿಸಿ. ಪ್ರತಿ ದಾರದ ಮೇಲೂ ಒಂದು ಚಿಕ್ಕ ಕಾಗದ ಅಂಟಿಸಿ ಕಾರಣ ಬರೆಯಿರಿ. ಒಂದೇ ಮನೆ, ಒಂದೇ ವಸ್ತು, ಇವಳು ಅವಳನ್ನು ಹುಡುಕಿದಳು, ಇದು ಅದನ್ನು ಸುಳ್ಳಾಗಿಸುತ್ತದೆ, ಹೀಗೆ. ಕಾರಣ ಬರೆಯಲಾಗದ ದಾರವನ್ನು ತೆಗೆಯಿರಿ. ‘ಇದನ್ನೂ ನೋಡಿ’ ಎಂಬ ಕೊಂಡಿ ನನ್ನಲ್ಲಿ ಒಂದೂ ಇಲ್ಲ. ಎಲ್ಲವನ್ನೂ ಎಲ್ಲಕ್ಕೂ ಜೋಡಿಸುವ ಆಸೆ ಮೊದಲು ಬಂದೇ ಬರುತ್ತದೆ. ಜೋಡಿಸಿದರೆ ಓದುವವರಿಗೆ ದಾರಿ ಇರುವುದಿಲ್ಲ, ಬರೀ ಬಯಲು. ಒಂದು ಚೀಟಿಯಿಂದ ಹೊರಡುವ ದಾರಿ ಮೂರು, ಹೆಚ್ಚೆಂದರೆ ನಾಲ್ಕು ಸಾಕು.

ಕೊಂಡಿ ಎಷ್ಟು ಹೊರಬಲ್ಲದು ಎಂದು ನನಗೆ ಮನದಟ್ಟಾದದ್ದು ಬೆಂಗಳೂರು ನಾಗರತ್ನಮ್ಮನವರಿಂದ. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿಯ ಮಗಳಾಗಿ ಹುಟ್ಟಿದವರು, ಹೆಸರಾಂತ ಗಾಯಕಿ, ಮದರಾಸಿಗೆ ಹೋಗಿ ನೆಲಸಿದರೂ ಹೆಸರಿನ ಹಿಂದೆ ಬೆಂಗಳೂರನ್ನು ಬಿಡಲಿಲ್ಲ. ತಂಜಾವೂರಿನ ಆಸ್ಥಾನದಲ್ಲಿ 18ನೇ ಶತಮಾನದಲ್ಲಿದ್ದ ಮುದ್ದುಪಳನಿ ಎಂಬಾಕೆ ಬರೆದ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ ಅವರ ಕೈಗೆ ಬಂತು. ಅಚ್ಚಾದ ಪ್ರತಿಯಲ್ಲಿ ಕವಯಿತ್ರಿ ತನ್ನ ಬಗ್ಗೆ ಹೇಳಿಕೊಂಡ ಭಾಗವನ್ನೇ ಬಿಟ್ಟಿದ್ದರು, ಕೆಲವು ಪದ್ಯಗಳನ್ನೂ ತೆಗೆದಿದ್ದರು. ನಾಗರತ್ನಮ್ಮ ಹಸ್ತಪ್ರತಿ ಸಂಪಾದಿಸಿ, ಹೋಲಿಸಿ ನೋಡಿ, 1910ರಲ್ಲಿ ಪೂರ್ತಿ ಕಾವ್ಯವನ್ನು ಅಚ್ಚು ಹಾಕಿಸಿದರು. 1911ರಲ್ಲಿ ಅಶ್ಲೀಲವೆಂಬ ಆರೋಪದ ಮೇಲೆ ಅದಕ್ಕೆ ನಿಷೇಧ ಬಂತು. ನಿಷೇಧ ತೆರವಾದದ್ದು 1947ರಲ್ಲಿ.

ನಮ್ಮ ರಸ್ತೆಯ ಹೆಂಗಸರು ಏನು ಓದಿದರು ಎಂದು ಕೇಳಹೊರಟವಳಿಗೆ, ಏನನ್ನು ಓದಗೊಡಲಿಲ್ಲ ಎಂಬುದೂ ಎದುರಾಗಲೇಬೇಕಲ್ಲ. ಇಸವಿಯ ಪಟ್ಟಿಯಲ್ಲಿ ಮುದ್ದುಪಳನಿಗೂ ನಾಗರತ್ನಮ್ಮನವರಿಗೂ ನಡುವೆ ನೂರೈವತ್ತು ವರ್ಷ ದೂರ. ನನ್ನ ವಿನ್ಯಾಸದಲ್ಲಿ ಮುದ್ದುಪಳನಿಯ ಚೀಟಿಗೆ ಒಂದೇ ದಾರಿ, ಅದು ನಾಗರತ್ನಮ್ಮನವರ ಚೀಟಿಯ ಮೂಲಕ. ಕೊಂಡಿಯ ಮೇಲೆ ಬರೆದದ್ದು, ‘ಇವರು ಹುಡುಕಿದ್ದರಿಂದ ಅವರು ನಮಗೆ ಸಿಕ್ಕರು’. ಬಿಟ್ಟುಹೋದ ಪದ್ಯಗಳಿಗೆ ಒಂದು ಚೀಟಿ, ನಿಷೇಧಕ್ಕೆ ಒಂದು. ನಿಷೇಧದ ಚೀಟಿಯಿಂದ ಒಂದು ಕೊಂಡಿ ನಮ್ಮ ರಸ್ತೆಯ ಅಜ್ಜಿಯೊಬ್ಬರಿಗೆ ಹೋಗುತ್ತದೆ. ಮಾವನವರಿಗೆ ಕಾಣದಂತೆ ಕಾದಂಬರಿಯನ್ನು ಅಕ್ಕಿ ಡಬ್ಬದಲ್ಲಿ ಇಟ್ಟು ಓದುತ್ತಿದ್ದೆ ಎಂದು ಅವರು ನನಗೆ ಹೇಳಿದ್ದರು. ಕಾರಣ: ‘ಇಲ್ಲಿ ಸರ್ಕಾರ, ಅಲ್ಲಿ ಮಾವ’. ಈ ಕೊಂಡಿ ನನ್ನ ಊಹೆಯಾದ್ದರಿಂದ ದಾರವೂ ಕೆಂಪು.

ಯಾರು ಎಲ್ಲಿಂದ ಬರುತ್ತಾರೋ ಗೊತ್ತಿರುವುದಿಲ್ಲ, ಹಾಗಾಗಿ ಪ್ರತಿ ಚೀಟಿಯೂ ತನ್ನ ಕಾಲಮೇಲೆ ನಿಲ್ಲಬೇಕು. ‘ಮೇಲೆ ಹೇಳಿದಂತೆ’ ಎಂದು ಬರೆಯಕೂಡದು, ಮೇಲೆ ಎಂಬುದೇ ಇಲ್ಲ. ಊರು, ಕಾಲ, ಆಕೆ ಯಾರು ಎಂಬುದನ್ನು ಪ್ರತಿ ಸಲ ಅರ್ಧ ವಾಕ್ಯದಲ್ಲಿ ಹೇಳಿಬಿಡಿ. ಒಂದು ಚೀಟಿ 150 ಪದ ದಾಟಿದರೆ ಅದರಲ್ಲಿ ಎರಡು ಚೀಟಿ ಅಡಗಿವೆ ಎಂದರ್ಥ. ಬಾಗಿಲು ಮಾತ್ರ ಎರಡು ಮೂರು ಇರಲಿ. ನನ್ನಲ್ಲಿ ರಸ್ತೆಯ ನಕ್ಷೆ ಒಂದು ಬಾಗಿಲು, ವಸ್ತುಗಳು ಇನ್ನೊಂದು (ಗಡಿಯಾರ, ಹೊಲಿಗೆ ಮಿಷನ್ನು, ಅಕ್ಕಿ ಡಬ್ಬ, ಚಂದಾ ರಸೀತಿ), ಬಿಳಿ ಚೀಟಿಗಳದೇ ಮೂರನೆಯದು.

ಕೂತು ಮಾತಾಡಿಸುವುದು

‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ಯಾವ ಹೆಂಗಸೂ ಹೇಳುವುದಿಲ್ಲ. ‘ನಂದೇನಿದೆ ಹೇಳಕ್ಕೆ, ನಿಮ್ಮ ದೊಡ್ಡಪ್ಪನ್ನ ಕೇಳು’ ಅನ್ನುತ್ತಾರೆ. ಕೈಗೆ ವಸ್ತು ಕೊಡಿ. ದೊಡ್ಡಮ್ಮನ ಕೈಗೆ ನಿಂತುಹೋದ ಒಂದು ‘ಸುಜಾತಾ’ ಕೈಗಡಿಯಾರ ಕೊಟ್ಟೆ, ಎಚ್‌ಎಂಟಿಯ ಮೊದಮೊದಲ ಹೆಂಗಸರ ಗಡಿಯಾರ. ಅವರು ಹಿಂಬದಿ ತಿರುಗಿಸಿ ಉಗುರಿನಿಂದ ಸವರಿ, ಒಂದು ಕಣ್ಣು ಮುಚ್ಚಿದರು. ಇಡೀ ದಿನ ಒಂದೇ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತವರ ಅಭ್ಯಾಸ ಅದು. ಆಮೇಲೆ ಎರಡು ಗಂಟೆ ಮಾತಾಡಿದರು: ಬೆಳಿಗ್ಗೆಯ ಕಾರ್ಖಾನೆ ಬಸ್ಸು, ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿಯುವಾಗ ಉಸಿರು ಬಿಗಿ ಹಿಡಿಯುವುದು, ಮೊದಲ ಸಂಬಳದಲ್ಲಿ ತಂಗಿಗೆ, ಅಂದರೆ ನನ್ನ ಅಮ್ಮನಿಗೆ, ಕೊಡಿಸಿದ ಲಂಗದ ಬಟ್ಟೆ. ಕಣ್ಣು ಮುಚ್ಚಿದ ಆ ಗಳಿಗೆ ರೆಕಾರ್ಡಿಂಗಿನಲ್ಲಿ ಇಲ್ಲ. ಅದಕ್ಕೇ ಹಸಿರು ಚೀಟಿ ಬರೆದೆ, ನಾನು ಕಂಡದ್ದು.

ರೆಕಾರ್ಡ್ ಮಾಡಲು ಫೋನು ಸಾಕು. ಫ್ಯಾನ್ ಆರಿಸಿ, ಒಲೆಯ ಮೇಲೆ ಕುಕ್ಕರ್ ಇಲ್ಲದ ಹೊತ್ತು ನೋಡಿ. ಫೋನಿನ ಕೆಳಗೆ ಮಡಚಿದ ಟವೆಲ್ ಇಡಿ, ಟೇಬಲ್ಲಿನ ಸದ್ದು ಬರುವುದಿಲ್ಲ. ಆರಂಭದಲ್ಲೇ ದಿನ, ಸ್ಥಳ ಹೇಳಿಬಿಡಿ.

ಅನುಮತಿಯನ್ನು ಎರಡು ಸಲ ಕೇಳಿ, ಮಾತಿಗೆ ಮೊದಲು ಮತ್ತು ಬರೆದು ತೋರಿಸಿದ ಮೇಲೆ. ಹೆಸರಿನೊಡನೆ ಹಾಕಬಹುದೇ, ಹೆಸರಿಲ್ಲದೆ ಹಾಕಬಹುದೇ, ಮನೆಯವರಿಗೆ ಮಾತ್ರವೇ ಎಂದು ಬಿಡಿಸಿ ಕೇಳಿ. ಯಾವಾಗ ಬೇಕಾದರೂ ತೆಗೆಸಬಹುದು ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಒಬ್ಬರು ಅತ್ತೆಮನೆಯ ಒಂದು ವಿಷಯ ಹೇಳಿ, ಮರುದಿನ ಬೆಳಿಗ್ಗೆಯೇ ಅಂಗಡಿಗೆ ಬಂದು ‘ಅದು ಬೇಡಮ್ಮ’ ಅಂದರು. ‘ಇಲ್ಲೊಂದು ಮಾತು ಇದೆ, ಹೇಳಿದವರು ಬೇಡವೆಂದಿದ್ದಾರೆ’ ಎಂದು ಚೀಟಿ ಹಾಕಲೇ ಎಂದು ನಾನು ವಾರಗಟ್ಟಲೆ ಯೋಚಿಸಿದೆ. ಹಾಕಲಿಲ್ಲ. ನಮ್ಮ ರಸ್ತೆ ಚಿಕ್ಕದು, ಬೀಗ ಕಂಡರೆ ಪೆಟ್ಟಿಗೆ ಯಾರದೆಂದು ಜನ ಹುಡುಕುತ್ತಾರೆ. ಬಿಳಿ ಚೀಟಿ ಇರುವುದು ಕಳೆದುಹೋದದ್ದಕ್ಕೆ. ಬಚ್ಚಿಟ್ಟುಕೊಂಡದ್ದು ಅವರ ಸ್ವತ್ತು.

ಪರದೆಗೆ ತರುವುದು

ನಾನು ಬಳಸುವುದು ಟ್ವೈನ್. ಕವಲೊಡೆಯುವ ಕಥೆ ಬರೆಯಲೆಂದು 2009ರಲ್ಲಿ ಬಂದ ಉಚಿತ ತಂತ್ರಾಂಶ. ಒಂದು ಚೀಟಿಗೆ ಒಂದು ಚೌಕ. ಇನ್ನೊಂದು ಚೀಟಿಯ ಹೆಸರನ್ನು ಜೋಡಿ ಚೌಕ ಆವರಣದೊಳಗೆ ಬರೆದರೆ ಕೊಂಡಿಯಾಗುತ್ತದೆ, ನಕ್ಷೆಯಲ್ಲಿ ಬಾಣ ಮೂಡುತ್ತದೆ. ಚೀಟಿಗೆ ಟ್ಯಾಗ್ (ಗುರುತಿನ ಪದ) ಹಾಕಿ ಟ್ಯಾಗಿಗೆ ಬಣ್ಣ ಕೊಡಬಹುದು, ನಿಮ್ಮ ಸ್ಕೆಚ್ ಪೆನ್ನಿನ ಬಣ್ಣಗಳೇ ಅಲ್ಲೂ ಬರುತ್ತವೆ. ಆ ಬಣ್ಣ ಕಾಣುವುದು ನಿಮ್ಮ ನಕ್ಷೆಯಲ್ಲಿ ಮಾತ್ರ. ಆದ್ದರಿಂದ ಪ್ರತಿ ಚೀಟಿಯ ತಲೆಗೆ ‘ಕಂಡದ್ದು’, ‘ಕೇಳಿದ್ದು’, ‘ಊಹೆ’ ಎಂದು ಅಕ್ಷರದಲ್ಲೂ ಬರೆಯಿರಿ. ಬಣ್ಣ ಗುರುತಿಸಲು ಕಷ್ಟಪಡುವವರಿಗೂ ಅನುಕೂಲ. ದೊಡ್ಡ ಸಂಗ್ರಹ, ನೂರಾರು ಚಿತ್ರ, ಹಲವರು ಸೇರಿ ಮಾಡುವ ಕೆಲಸವಾದರೆ ಒಮೇಕಾ ಅಥವಾ ಸ್ಕೇಲಾರ್ ಎಂಬ ತಂತ್ರಾಂಶ ನೋಡಿ. ಒಬ್ಬರ ಕೆಲಸಕ್ಕೆ ಟ್ವೈನ್ ಹಗುರ.

ಬ್ರೌಸರಿನಲ್ಲಿ ಟ್ವೈನ್ ಬಳಸಿದರೆ ನಿಮ್ಮ ಕೆಲಸ ಉಳಿಯುವುದು ಆ ಬ್ರೌಸರಿನ ಒಳಗೇ. ನನ್ನ ತಮ್ಮನ ಮಗ ಕಂಪ್ಯೂಟರ್ ನಿಧಾನವಾಯಿತೆಂದು ಬ್ರೌಸರ್ ಸ್ವಚ್ಛ ಮಾಡಿದ. ನಲವತ್ತು ಚೀಟಿ ಹೋದವು. ಕಾರ್ಡಿನ ತುಂಡುಗಳಿದ್ದವಾಗಿ ಬದುಕಿದೆ. ಪ್ರತಿ ಸಂಜೆ ಏಳುವ ಮುಂಚೆ ಕಡತವಾಗಿ ಇಳಿಸಿ, ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ.

ಕನ್ನಡಕ್ಕೇ ಅಂಟಿದ ಕೆಲವು ತೊಡಕುಗಳಿವೆ, ಇವನ್ನು ಯಾರೂ ಹೇಳಿಕೊಡುವುದಿಲ್ಲ. ಚೀಟಿಯ ಹೆಸರೂ ಕೊಂಡಿಯ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ‘ಎಚ್‌ಎಂಟಿ’ ಎಂಬಲ್ಲಿ ಅರ್ಧಾಕ್ಷರದ ಮುಂದೆ ಕಣ್ಣಿಗೆ ಕಾಣದ, ಅಕ್ಷರಗಳು ಕೂಡದಂತೆ ತಡೆಯುವ ಒಂದು ಗುರುತು ಕೂತಿರುತ್ತದೆ. ಒಂದು ಕಡೆ ಅದಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಟ್ವೈನ್ ಅದೇ ಹೆಸರಿನಂತೆ ಕಾಣುವ ಇನ್ನೊಂದು ಖಾಲಿ ಚೌಕ ಮಾಡಿಬಿಡುತ್ತದೆ. ನಾನು ಇದರಲ್ಲಿ ಎರಡು ರಾತ್ರಿ ಕಳೆದೆ. ಈಗ ಚೀಟಿಗಳಿಗೆ ‘ಗಡಿಯಾರ 3’, ‘ಮನೆ 12’ ಎಂಬಂಥ ಸರಳ ಹೆಸರು ಕೊಟ್ಟು, ಓದುವವರಿಗೆ ಕಾಣುವ ಮಾತನ್ನು ಬೇರೆ ಬರೆಯುತ್ತೇನೆ.

ಹಳೇ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಕಲಸುಮೇಲೋಗರವಾಗುತ್ತದೆ. ಎಲ್ಲ ಕಂಪ್ಯೂಟರಿನಲ್ಲೂ ಓದಿಸಿಕೊಳ್ಳುವ ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೆಲ್ಲ ಕಣ್ಣಿಂದ ನೋಡಿ. ‘ಕಾರ್ಖಾನೆ’, ‘ಧರ್ಮ’ದಂಥವು ಅಲ್ಲೇ ಕೆಡುವುದು. ಫಾಂಟಿಗೆ ನೋಟೋ ಕನ್ನಡ ಸಾಕು. ಸಾಲಿನ ಅಂತರವನ್ನು ಅಕ್ಷರದ ಗಾತ್ರದ 1.7ರಷ್ಟು ಕೊಡಿ. ಇಂಗ್ಲಿಷಿಗೆ ಹಾಕಿದ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ, ವಯಸ್ಸಾದವರು ಎರಡೇ ಪುಟಕ್ಕೆ ಫೋನ್ ಕೆಳಗಿಡುತ್ತಾರೆ.

ಟ್ವೈನ್ ಕೊನೆಗೆ ಕೊಡುವುದು ಒಂದೇ ಎಚ್‌ಟಿಎಂಎಲ್ ಕಡತ. ಚಿತ್ರ, ಧ್ವನಿ ಅದರೊಳಗೆ ಇರುವುದಿಲ್ಲ, ಪಕ್ಕದ ಫೋಲ್ಡರಿನಲ್ಲಿರುತ್ತವೆ. ವಾಟ್ಸಾಪಿನಲ್ಲಿ ಬರೀ ಕಡತ ಕಳಿಸಿದರೆ ಫೋಟೋ ಇದ್ದ ಕಡೆಯೆಲ್ಲ ಹರಿದ ಚೌಕ ಕಾಣುತ್ತದೆ. ಗಿಟ್‌ಹಬ್ ಪೇಜಸ್‌ನಂಥ ಉಚಿತ ಜಾಗಕ್ಕೆ ಫೋಲ್ಡರ್ ಸಮೇತ ಏರಿಸಿ, ವಿಳಾಸ ಮಾತ್ರ ಹಂಚಿ.

ಹಕ್ಕುಸ್ವಾಮ್ಯದ ಲೆಕ್ಕ ಚುಟುಕಾಗಿ: ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಮೊದಲ ದಿನದಿಂದ 60 ವರ್ಷ. ಕಲ್ಯಾಣಮ್ಮನವರು ತೀರಿಕೊಂಡದ್ದು 1965ರಲ್ಲಿ, ಅವರು ಸ್ವತಃ ಬರೆದದ್ದು 2026ರ ಜನವರಿಯಿಂದ ಎಲ್ಲರದು. ತಿರುಮಲಾಂಬ ಅವರು 1982ರಲ್ಲಿ, ಆದ್ದರಿಂದ 2042 ಮುಗಿಯುವವರೆಗೆ ಅವರ ವಾರಸುದಾರರ ಅನುಮತಿ ಬೇಕು. ‘ಸರಸ್ವತಿ’ಯಲ್ಲಿ ಬೇರೆಯವರು ಬರೆದ ಲೇಖನಗಳಿಗೆ ಆಯಾ ಲೇಖಕರ ಲೆಕ್ಕ.

ಮುಗಿಯಿತು ಅನ್ನಿಸಿದಾಗ ಮೂವರಿಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಏನನ್ನೂ ವಿವರಿಸಬೇಡಿ. ಎಲ್ಲಿ ಒತ್ತುತ್ತಾರೆ, ಎಲ್ಲಿ ಹಿಂದೆ ಹೋಗುತ್ತಾರೆ, ಎಲ್ಲಿ ಫೋನ್ ಕೆಳಗಿಡುತ್ತಾರೆ ಎಂದು ಬರೆದುಕೊಳ್ಳಿ. ನನ್ನ ಅಕ್ಕ ನಕ್ಷೆಯ ಬಾಗಿಲನ್ನು ಮುಟ್ಟಲೇ ಇಲ್ಲ, ನೇರ ಅಕ್ಕಿ ಡಬ್ಬಕ್ಕೆ ಹೋದಳು. ಪಕ್ಕದ ಮನೆಯ ಕಾಲೇಜು ಹುಡುಗಿ ಬಿಳಿ ಚೀಟಿಗಳನ್ನು ಒಂದಾದಮೇಲೊಂದು ಓದಿ, ‘ಇದಕ್ಕೆ ಉತ್ತರ ಗೊತ್ತಿದ್ದರೆ ಎಲ್ಲಿ ಹೇಳೋದು ಆಂಟಿ?’ ಎಂದು ಕೇಳಿದಳು. ನನಗೆ ಹೊಳೆದೇ ಇರಲಿಲ್ಲ. ಈಗ ಪ್ರತಿ ಬಿಳಿ ಚೀಟಿಯ ಕೆಳಗೂ ಅಂಗಡಿಯ ಇಮೇಲ್ ಇದೆ. ದೊಡ್ಡಮ್ಮ ಮಾತ್ರ ತಮ್ಮ ಗಡಿಯಾರದ ಚೀಟಿಯಿಂದ ಶುರುಮಾಡಿ, ಮೂರು ಕೊಂಡಿ ದಾಟಿ ಪಾತ್ರೆಯವಳ ಖಾಲಿ ಪುಟಕ್ಕೆ ಬಂದು ನಿಂತರು. ತುಂಬ ಹೊತ್ತು ನೋಡಿ, ‘ಅವಳ ಮಗಳು ನಮ್ ಬಸ್ಸಲ್ಲೇ ಬರ್ತಿದ್ಲು ಕಣೇ, ಕ್ಯಾಂಟೀನ್‌ನಲ್ಲಿದ್ಲು’ ಅಂದರು.

ಆ ಮಾತಿಗೆ ಹಳದಿ ಅಂಚಿನ ಒಂದು ಚೀಟಿ ಬರೆದು, ಬಿಳಿ ಚೀಟಿಗೆ ದಾರ ಕಟ್ಟಿದ್ದೇನೆ. ಮಗಳ ಹೆಸರು ದೊಡ್ಡಮ್ಮನಿಗೆ ಇನ್ನೂ ನೆನಪಾಗಿಲ್ಲ. ಬರುವ ಭಾನುವಾರ ಅವರ ಜೊತೆ ಜಾಲಹಳ್ಳಿಗೆ ಹೋಗುತ್ತಿದ್ದೇನೆ, ಅದೇ ಬಸ್ಸಿನಲ್ಲಿ ಬರುತ್ತಿದ್ದ ಇನ್ನಿಬ್ಬರು ಅಲ್ಲಿದ್ದಾರೆ.